ಬೆಚ್ಚಗಿನ ಬಿಯರು

(ಆಕಾಶವಾಣಿಯ ಕೃಪೆಯಿಂದ)

ಮದ್ಯದ ವಿಷಯವಾಗಿ ಮಾತನಾಡಲು ನನಗಿಂತ ಅನರ್ಹನಾದವನು ಇನ್ನೊಬ್ಬನಿರಲಾರ. ಅರವತ್ತು ದಾಟುವವರೆಗೆ ನಾನು ಅದನ್ನು ನಾಲಗೆಗೆ ಸೋಕಿಸಿದವನಲ್ಲ. ಆದರೂ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಅದರ ಪಾಠ ಹೇಳಿದವನು! ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಹಳಗನ್ನಡ ಕಾವ್ಯವನ್ನು ಬೋಧಿಸುವವನಿಗೆ ಇದು ತಪ್ಪಿದ್ದಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಸುಭದ್ರೆಯ ವಿರಹದಲ್ಲಿ ಬೇಯುತ್ತಿರುವ ಅರ್ಜುನನನ್ನು ಪಂಪನು ತನ್ನ ಭಾರತದ ನಾಲ್ಕನೆಯ ಆಶ್ವಾಸದಲ್ಲಿ ದ್ವಾರಾವತಿಯ ವೇಶ್ಯಾವಾಟಿಯ ಮೂಲಕ ನಡೆಸಿಕೊಂಡು ಹೋಗುತ್ತಾನೆ. ಅಲ್ಲಿಯ ಪಾನಗೋಷ್ಠಿಯನ್ನು ಕವಿ ಎಷ್ಟು ಉತ್ಸಾಹದಿಂದ ವರ್ಣಿಸಿದ್ದಾನೆಯೋ ಅಷ್ಟೇ ನಿರುತ್ಸಾಹದಿಂದ ನಾನು ಅದನ್ನು ಪಾಠ ಹೇಳುತ್ತಿದ್ದೆ. ಕಠಿಣ ಪದ ಬಂದಾಗ ‘ಅದೊಂದು ಬಗೆಯ ಮದ್ಯ’ ಎಂದು ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಹೋಗಿಬಿಡುತ್ತಿದ್ದೆ.

1989ರಲ್ಲಿರಬೇಕು, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅದರ ರುಚಿ ಹೇಗಿರುತ್ತದೆ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊ” ಎಂದೆ. ಮತ್ತಷ್ಟು ನಕ್ಕರು. ಹುಡುಗ ತಮಾಷೆಗೆ ಕೇಳಿರಲಿಲ್ಲ ಎಂಬುದು ಅವನ ಮುಖ ನೋಡಿದಾಗಲೇ ನನಗೆ ತಿಳಿದಿತ್ತು. ಉತ್ತರ ನನ್ನಲ್ಲಿರಲಿಲ್ಲ, ಅಷ್ಟೆ.

ನನ್ನ ವ್ರತಕ್ಕೆ ಕಾರಣವಿತ್ತು. ನಮ್ಮದು ಮಲೆನಾಡಿನ ಒಂದು ಹಳ್ಳಿ. ನನ್ನ ದೊಡ್ಡಪ್ಪ ಒಳ್ಳೆಯ ಬೇಸಾಯಗಾರ. ಆಷಾಢದ ಮಳೆಯಲ್ಲಿ ದಿನವಿಡೀ ಗದ್ದೆಯ ಕೆಸರಿನಲ್ಲಿ ನಿಂತು, ಕಂಬಳಿಕೊಪ್ಪೆಯಿಂದ ನೀರು ಸುರಿಯುತ್ತಿರುವಾಗ, ಮನೆಗೆ ಬಾರದೆ ನೇರವಾಗಿ ಸಾರಾಯಿ ಅಂಗಡಿಗೆ ಹೋಗುತ್ತಿದ್ದರು. ಒಂದೊಂದಾಗಿ ಗದ್ದೆಗಳು ಅಡಮಾನಕ್ಕೆ ಹೋದವು. ಕೊನೆಗೆ ಅವರೂ ಹೋದರು. ಎಂ.ಎ. ಓದಲು ನಾನು ಮೈಸೂರಿಗೆ ಹೊರಟ ದಿನ ನನ್ನ ತಾಯಿ ದೇವರ ದೀಪದ ಮುಂದೆ ನಿಲ್ಲಿಸಿ, “ಅದನ್ನು ಮುಟ್ಟುವುದಿಲ್ಲ ಎಂದು ಹೇಳು” ಎಂದರು. ಹೇಳಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ತಾಯಿ ಇರಲಿಲ್ಲ. ಅಂದು ನಾನು ಅವರನ್ನು ನೆನೆದುಕೊಂಡೆ.

ಹೀಗಿರಲಾಗಿ, ಒಂದು ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಲುವೆನ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದೆ. 1425ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯದಿಂದ ಹೆಸರಾದ ಊರು ಅದು. ಬಿಯರಿಗೂ ಅಷ್ಟೇ ಹೆಸರು. ಆ ತಿಂಗಳಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲಾಗುತ್ತದೆ. ಒಂದು ಸಂಜೆ ನೆರೆಮನೆಯ ವೃದ್ಧ ದಂಪತಿಗಳು ನಮ್ಮನ್ನು ಕರೆದರು. ಯಜಮಾನರು ನನ್ನಂತೆಯೇ ನಿವೃತ್ತ ಉಪಾಧ್ಯಾಯರು. ನಾವು ಹೋದಾಗ ಅವರು ಅಡುಗೆಯ ಒಲೆಯ ಮುಂದೆ ನಿಂತು, ಪಾತ್ರೆಯಲ್ಲಿ ಏನನ್ನೋ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದರು. ಮನೆಯೆಲ್ಲ ಲವಂಗ ಮತ್ತು ದಾಲ್ಚಿನ್ನಿಯ ಪರಿಮಳ. ಕಷಾಯವಿರಬೇಕೆಂದುಕೊಂಡೆ. ಮಗಳು ನಕ್ಕು, “ಅಪ್ಪ, ಅದು ಬಿಯರು. ಚಳಿಗಾಲಕ್ಕೆಂದೇ ಮಾಡುವುದು. ಬಿಸಿ ಮಾಡಿ ಕುಡಿಯುತ್ತಾರೆ” ಎಂದಳು.

ಬಿಯರು ಎಂದರೆ ಮಂಜುಗಡ್ಡೆಯಂತೆ ತಣ್ಣಗಿರತಕ್ಕದ್ದು ಎಂದು ನಾನು ತಿಳಿದಿದ್ದೆ. ಆತ ತಿಳಿಯಹೇಳಿದರು, ಮಗಳು ದುಭಾಷಿಯಾದಳು. ಎಲ್ಲ ಬಿಯರುಗಳನ್ನೂ ಕಾಯಿಸಲಾಗದು. ಬಿಯರಿಗೆ ಕಹಿಯನ್ನು ಕೊಡುವುದು ಹಾಪ್ ಎಂಬ ಬಳ್ಳಿಯ ಹೂವು. ಬಿಯರು ಕೆಡದಂತೆ ಕಾಯುವುದೂ ಅದೇ. ಬಿಸಿಯಾದಾಗ ಆ ಕಹಿ ಒರಟಾಗುತ್ತದೆ. ಆದ್ದರಿಂದ ಕಾಯಿಸಲು ಹಾಪ್ ಕಡಿಮೆಯಿರುವ, ಹುಳಿಸಿಹಿಯಾದ ಬಿಯರೇ ಬೇಕು. ಅವರು ಆರಿಸಿದ್ದು ಕ್ರೀಕ್ ಎಂಬುದನ್ನು. ಕ್ರೀಕ್ ಎಂದರೆ ಅವರ ನುಡಿಯಲ್ಲಿ ಒಂದು ಜಾತಿಯ ಹುಳಿ ಚೆರಿಹಣ್ಣು. ಆ ಹಣ್ಣನ್ನು ಬಿಯರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾರೆ. ಅದಕ್ಕೆ ಸಂಬಾರ ಸೇರಿದರೆ ಚಳಿಗಾಲದ ಪಾನೀಯ. ಕುದಿಸಬಾರದು, ಮದ್ಯಸಾರವು ಸುಮಾರು 78 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುತ್ತದೆ. ಅದಕ್ಕೆ ಮುಂಚೆಯೇ, ಪಾತ್ರೆಯ ಅಂಚಿನಲ್ಲಿ ಹಬೆಯಾಡತೊಡಗಿದಾಗಲೇ ಇಳಿಸಬೇಕು. ನೊರೆ ತರುವ ಅನಿಲವೂ ಬಿಸಿಗೆ ಹೊರಟುಹೋಗುವುದರಿಂದ ಬಟ್ಟಲಿನಲ್ಲಿ ಬುರುಗು ನಿಲ್ಲುವುದಿಲ್ಲ.

ಹಾಪ್ ಬಳಕೆಗೆ ಬರುವುದಕ್ಕೆ ಮುಂಚೆ ಆ ನಾಡಿನವರು ಬಿಯರಿಗೆ ಹಾಕುತ್ತಿದ್ದುದು ಕಾಡಿನ ಗಿಡಮೂಲಿಕೆಗಳ ಮಿಶ್ರಣವನ್ನು. ಅದಕ್ಕೆ ಗ್ರೂಟ್ ಎಂದು ಹೆಸರು. ಅದನ್ನು ಮಾರುವ ಹಕ್ಕನ್ನು ಪಡೆದಿದ್ದ ಮನೆತನವೊಂದು ಬ್ರೂಜ್ ನಗರದಲ್ಲಿ ಕಟ್ಟಿಸಿದ ಅರಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಅದರ ಹೆಸರು ಗ್ರೂಟ್‌ಹೌಸೆ. ಲುವೆನ್ನಿಗೆ ಹತ್ತಿರದ ಹೂಗಾರ್ಡನ್ ಎಂಬ ಊರಿನ ಬಿಳಿಯ ಬಿಯರಿಗೆ ಈಗಲೂ ಕೊತ್ತಂಬರಿ ಬೀಜವನ್ನೂ ಕಿತ್ತಳೆಯ ಸಿಪ್ಪೆಯನ್ನೂ ಹಾಕುತ್ತಾರೆ. ನಮ್ಮ ಸಾರಿನ ಪುಡಿಯ ಕೊತ್ತಂಬರಿ ಬಿಯರಿನಲ್ಲಿ!

ಯಜಮಾನಿ ಸಂಬಾರದ ಡಬ್ಬಿಗಳನ್ನು ತಂದು ಒಂದೊಂದರ ಹೆಸರು ಹೇಳಿದರು. ಲವಂಗಕ್ಕೆ ಅವರು ‘ಸಂಬಾರದ ಮೊಳೆ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಆಕಾರ ನೋಡಿದರೆ ಹೌದೆನ್ನಬೇಕು. ಶುಂಠಿಗೆ ಖೆಂಬರ್, ಮೆಣಸಿಗೆ ಪೇಪರ್. ನನ್ನ ಕಿವಿ ಚುರುಕಾಯಿತು. ಪೇಪರ್ ಎಂಬುದು ನಮ್ಮ ಪಿಪ್ಪಲಿ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಹಾದು ಹೋದದ್ದು. ಖೆಂಬರ್ ಎಂಬುದರ ಮೂಲ ಶೃಂಗವೇರ; ಅದರ ಹಿಂದೆ ತಮಿಳಿನ ಇಂಜಿಯ ವಂಶವಿದೆಯೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. 1501ರಲ್ಲಿ ಪೋರ್ತುಗೀಸರ ಸಂಬಾರದ ಮೊದಲ ಹಡಗು ಆಂಟ್ವರ್ಪ್ ಬಂದರಿಗೆ ಬಂದಿತು. ಲುವೆನ್ನಿನಿಂದ ಆಂಟ್ವರ್ಪ್ ಬಹಳ ದೂರವೇನಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಕರೆದವರೂ ಆ ಪೋರ್ತುಗೀಸರೇ. ಇನ್ನೂ ಹಿಂದಕ್ಕೆ ಹೋದರೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೈರೇಯವೆಂಬ ಮದ್ಯದ ಪಾಕವಿದೆ: ಬೆಲ್ಲ, ಪಿಪ್ಪಲಿ, ಮೆಣಸು. ನಾನು ‘ಅದೊಂದು ಬಗೆಯ ಮದ್ಯ’ ಎಂದು ದಾಟಿಸಿಬಿಟ್ಟ ಪದಗಳಲ್ಲಿ ಮೈರೇಯವೂ ಒಂದು. ಅದರ ದೂರದ ಬಂಧು ಈಗ ನನ್ನೆದುರು ಹಬೆಯಾಡುತ್ತಿತ್ತು.

ಆತ ಎಲ್ಲರಿಗೂ ಬಟ್ಟಲು ತುಂಬಿ, ನನ್ನ ಮುಂದೆ ಅರ್ಧ ಬಟ್ಟಲನ್ನಿಟ್ಟು, “ಕುಡಿಯಲೇಬೇಕೆಂದಿಲ್ಲ, ಕೈ ಬೆಚ್ಚಗಾಗಲಿ” ಎಂದರು. ಆ ಮಾತು ನನಗೆ ಹಿಡಿಸಿತು. ಬಟ್ಟಲನ್ನು ಎರಡು ಕೈಗಳಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ತಾಯಿಯ ಮುಖ ಕಣ್ಣಮುಂದೆ ಬಂದಿತು. ಹಿಂದಿನ ಬೆಂಚಿನ ಹುಡುಗನ ಮುಖವೂ ಬಂದಿತು. ಆಮೇಲೆ ಒಂದು ಗುಟುಕು ಕುಡಿದೆ.

ಮೊದಲು ಹುಳಿ. ಮುರುಗಲ ಹಣ್ಣಿನ ಸಾರಿನಂಥ, ಹಲ್ಲನ್ನು ಚಳುಕಿಸದ ಹುಳಿ. ಅದರ ಹಿಂದೆ ಬೆಲ್ಲದ ಪಾಕದಂಥ ಸಿಹಿ. ಲವಂಗ ಮೂಗಿಗೆ ಹತ್ತಿತು, ದಾಲ್ಚಿನ್ನಿ ಅಂಗುಳಿಗೆ. ನುಂಗಿದ ಮೇಲೆ ಕಟ್ಟಕಡೆಗೆ ಬೇವಿನ ಕಡ್ಡಿಯ ನೆನಪು ತರುವಷ್ಟು ಸಣ್ಣ ಕಹಿ. ಮಳೆಗಾಲದಲ್ಲಿ ತಾಯಿ ಮಾಡಿಕೊಡುತ್ತಿದ್ದ ಶುಂಠಿ ಮೆಣಸಿನ ಕಷಾಯಕ್ಕೂ ಇದಕ್ಕೂ ಅಂತರವೇ ಇಲ್ಲವೇನೋ ಎನ್ನಿಸಿತು. ಎರಡನೆಯ ಗುಟುಕಿಗೆ ಅಂತರ ತಿಳಿಯಿತು. ಎದೆಯಲ್ಲಿ ಹುಟ್ಟಿದ ಬಿಸಿ ಭುಜಕ್ಕೆ, ಕಿವಿಗೆ ಹರಿಯಿತು. ಕಷಾಯ ಹಾಗೆ ಮಾಡುವುದಿಲ್ಲ. ಮೈಯೊಳಗಿನ ಚಳಿಗೆ ಯಾರೋ ಕಂಬಳಿ ಹೊದಿಸಿದಂತಾಯಿತು.

ಆಗ ನನ್ನ ಮನಸ್ಸಿಗೆ ಬಂದವರು ದೊಡ್ಡಪ್ಪ. ಕೆಸರಿನಿಂದ ಎದ್ದು ನಡುಗುತ್ತ ಅಂಗಡಿಗೆ ನಡೆದ ಮನುಷ್ಯ ಹುಡುಕುತ್ತಿದ್ದುದು ಈ ಬಿಸಿಯನ್ನೇ ಅಲ್ಲವೆ? ಐವತ್ತು ವರ್ಷ ನಾನು ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೆ. ಅವರಿಗೆ ಚಳಿಯಾಗುತ್ತಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವರು ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ದೊಡ್ಡಮ್ಮನ ಕಣ್ಣೀರನ್ನು ನೋಡಿದವನು ಹಾಗೆ ಹೇಳಲಾರ. ಬೆಲ್ಜಿಯಮ್ಮಿನಲ್ಲಿ ಕುಡಿತದಿಂದ ಹಾಳಾದ ಸಂಸಾರಗಳಿಲ್ಲವೆಂದೂ ಹೇಳುತ್ತಿಲ್ಲ. ಆ ಯಜಮಾನರೇ ತಮ್ಮ ಸೋದರನೊಬ್ಬನ ಮಾತೆತ್ತಿ ಸುಮ್ಮನಾದರು. ಆದರೆ ಅವರ ಮನೆಯಲ್ಲಿ ಆ ಪಾನೀಯವು ದೀಪದ ಬೆಳಕಿನಲ್ಲಿ, ಮಡದಿ ಮಕ್ಕಳ ಮುಂದೆ, ಅಳತೆಯ ಬಟ್ಟಲಿನಲ್ಲಿತ್ತು. ನಮ್ಮ ದೊಡ್ಡಪ್ಪ ಕತ್ತಲೆಯಲ್ಲಿ, ನಿಂತ ನಿಲುವಿನಲ್ಲಿ, ಒಬ್ಬರೇ ಕುಡಿದರು.

ಬಟ್ಟಲಿನಲ್ಲಿ ಉಳಿದದ್ದು ತಣ್ಣಗಾಯಿತು. ಯಾರೂ ಒತ್ತಾಯಿಸಲಿಲ್ಲ. ಆಮೇಲೆ ನಾನು ಮತ್ತೆ ಅದನ್ನು ಮುಟ್ಟಿಲ್ಲ, ಮುಟ್ಟಬೇಕೆನಿಸಿಯೂ ಇಲ್ಲ. ತಾಯಿಗೆ ಕೊಟ್ಟ ಮಾತಿಗೆ ಭಂಗ ಬಂದಿತೆಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಎರಡು ಗುಟುಕಿನ ತಪ್ಪು ನನ್ನದೇ.

ಅಂದು ಪ್ರಶ್ನೆ ಕೇಳಿದ ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೆಯೋ ತಿಳಿಯದು. ಈ ಭಾಷಣವನ್ನು ಅವನು ಕೇಳುತ್ತಿದ್ದರೆ ಅವನಿಗೆ ಒಂದು ಮಾತು ಹೇಳಬೇಕು. ಅಪ್ಪಾ, ನಿನ್ನ ಪ್ರಶ್ನೆ ಸರಿಯಾಗಿತ್ತು, ಕುಳಿತುಕೊ ಎಂದದ್ದು ನನ್ನ ತಪ್ಪು. ಅದರ ರುಚಿ ಮೊದಲು ಹುಳಿ, ಆಮೇಲೆ ಸಿಹಿ, ಕಡೆಗೆ ಕಹಿ. ಅದರ ಬಿಸಿ ಮಾತ್ರ ಬಹಳ ಒಳ್ಳೆಯದೆನ್ನಿಸುತ್ತದೆ. ಅದಕ್ಕೇ ಎಚ್ಚರಿಕೆಯಿಂದಿರಬೇಕು.