ಮೂರನೇ ಮಹಡಿಯ ಪಾಟಿಯ ಅಜ್ಜ: ಫ್ರಾನ್ಸ್, ಬೆಲ್ಜಿಯಂ ಸೇನಾ ದಾಖಲೆಗಳಲ್ಲಿ ಮನೆಯವರನ್ನು ಹುಡುಕುವುದು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ಬಾರಿ ನೀವು ಮಾತನಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ, ಆನ್‌ಲೈನ್ ಮೋಸದ ಬಗ್ಗೆ ಹೇಳುತ್ತೇನೆ ಎಂದುಕೊಂಡಿದ್ದರೋ ಏನೋ. ನಾನು ಫ್ರಾನ್ಸ್ ಮತ್ತು ಬೆಲ್ಜಿಯಂನ ಸೇನಾ ದಾಖಲೆಗಳು ಎಂದೆ. "ಅದಕ್ಕೂ ನಮಗೂ ಏನಮ್ಮಾ ಸಂಬಂಧ?" ಎಂದು ಕೇಳಿದರು. ಸಂಬಂಧ ಚೆನ್ನೈಯ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದೆ.

ಅಲ್ಲಿರುವ ಪಾಟಿಗೆ ಎಂಬತ್ತರ ಹತ್ತಿರ ವಯಸ್ಸು. ಪುದುಚೇರಿಯವರು. ಅವರ ತಾಯಿಯ ತಂದೆ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಂಚ್ ಸೇನೆ ಸೇರಿ ಹಡಗು ಹತ್ತಿದವರು ಮರಳಿ ಬರಲಿಲ್ಲ. ಆಗ ಪಾಟಿಯ ತಾಯಿ ಕೈಗೂಸು. "ಅವನು ಅಲ್ಲೇ ಬಿಳಿ ಹೆಂಗಸನ್ನು ಕಟ್ಟಿಕೊಂಡ" ಎಂದು ಯಾರೋ ಹೇಳಿದರು, ಊರು ನಂಬಿತು. ಪಾಟಿಯ ಅಜ್ಜಿ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಗಂಡನನ್ನು ಉಳಿಸಿಕೊಳ್ಳಲಾಗದವಳು ಎಂಬ ಮಾತು ಕೇಳುತ್ತಲೇ ಬದುಕಿ ತೀರಿಕೊಂಡರು. "ನೀನು ಕಂಪ್ಯೂಟರ್ ಓದಿದವಳಲ್ಲವಾ, ಅವರೇನಾದರು ಅಂತ ನೋಡಿ ಹೇಳು" ಎಂದು ಪಾಟಿ ಒಂದು ದಿನ ಕೇಳಿದರು. ನನ್ನ ಹುಡುಕಾಟ ಶುರುವಾದದ್ದು ಹೀಗೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಹೆಸರನ್ನು ನೇರವಾಗಿ ಗೂಗಲ್‌ಗೆ ಹಾಕಿದೆ. ಏನೂ ಸಿಗಲಿಲ್ಲ. ಸೇನಾ ದಾಖಲೆ ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಆ ಮನುಷ್ಯ ಯುದ್ಧದಲ್ಲಿ ತೀರಿಕೊಂಡರೋ, ಬದುಕಿ ಬಂದರೋ? ಯಾಕೆಂದರೆ ಫ್ರಾನ್ಸಿನಲ್ಲಿ ಸತ್ತವರ ದಾಖಲೆಗೆ ಒಂದು ದಾರಿ, ಬದುಕಿದವರದಕ್ಕೆ ಇನ್ನೊಂದು ದಾರಿ.

ಸತ್ತವರಿಗಾಗಿ ಫ್ರೆಂಚ್ ರಕ್ಷಣಾ ಇಲಾಖೆಯದೇ ಒಂದು ಜಾಲತಾಣವಿದೆ, ಹೆಸರು ‘ಮೆಮ್ವಾರ್ ದೆ ಜೋಮ್’. ಮನುಷ್ಯರ ನೆನಪು ಎಂದು ಅರ್ಥ. ಮೊದಲ ಮಹಾಯುದ್ಧದಲ್ಲಿ ‘ಫ್ರಾನ್ಸಿಗಾಗಿ ಮಡಿದವರು’ ಎಂದು ಘೋಷಿತರಾದ 13 ಲಕ್ಷಕ್ಕೂ ಹೆಚ್ಚು ಮಂದಿಯ ಕಾರ್ಡುಗಳು ಅಲ್ಲಿವೆ. ಕಾಸು ಕೊಡಬೇಕಿಲ್ಲ. ಒಬ್ಬೊಬ್ಬರಿಗೂ ಒಂದು ಕಾರ್ಡು: ಹೆಸರು, ಹುದ್ದೆ, ರೆಜಿಮೆಂಟ್, ಸೇನಾ ಸಂಖ್ಯೆ, ಹುಟ್ಟಿದ ದಿನ ಮತ್ತು ಊರು, ಸತ್ತ ದಿನ ಮತ್ತು ಸ್ಥಳ, ಸಾವಿನ ಬಗೆ. ಕೊನೆಗೆ ಆ ಸಾವನ್ನು ಯಾವ ಊರಿನ ರಿಜಿಸ್ಟರಿನಲ್ಲಿ ಬರೆದುಕೊಳ್ಳಲಾಯಿತು ಎಂಬ ಸಾಲು. ಈ ಕೊನೆಯ ಸಾಲನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮುಂದಿನ ಬಾಗಿಲು ತೆರೆಯುವುದೇ ಅದರಿಂದ.

ಇನ್ನೊಂದು ವಿಷಯ. ‘ಫ್ರಾನ್ಸಿಗಾಗಿ ಮಡಿದವರು’ ಎಂಬುದು 1915ರ ಕಾನೂನು ಕೊಟ್ಟ ಗೌರವ, ಎಲ್ಲರಿಗೂ ತಾನಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಆ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಅವರು ಸೇನೆಯಲ್ಲೇ ಇರಲಿಲ್ಲ ಎಂದಲ್ಲ. ಸೇನೆಯೇ ಗುಂಡಿಟ್ಟು ಕೊಂದ ಸ್ವಂತ ಸೈನಿಕರ ಪಟ್ಟಿಯೂ ಅದೇ ತಾಣದಲ್ಲಿದೆ. ಮನೆಯಲ್ಲಿ ವೀರ ಎಂದು ಹೇಳಿದವರ ಕತೆ ಅಲ್ಲಿ ಬೇರೆಯಾಗಿರಬಹುದು. ಹುಡುಕುವ ಮೊದಲು ಮನೆಯ ಹಿರಿಯರಿಗೆ ಅದನ್ನು ಹೇಳಿಬಿಡುವುದು ಒಳ್ಳೆಯದು. ಪಾಟಿಗೆ ನಾನು ಹೇಳಿದೆ. ಅವರು, "ಏನಾದರೂ ಇರಲಿ, ಗೊತ್ತಾಗಲಿ" ಎಂದರು.

ಬದುಕಿ ಬಂದವರಿಗೆ ಕಾರ್ಡು ಇಲ್ಲ. ಅವರನ್ನು ‘ರೆಜಿಸ್ತ್ರ್ ಮಾತ್ರಿಕ್ಯುಲ್’ ಎಂಬ ಭರ್ತಿ ರಿಜಿಸ್ಟರುಗಳಲ್ಲಿ ನೋಡಬೇಕು. ಫ್ರಾನ್ಸಿನಲ್ಲಿ ಇಪ್ಪತ್ತು ತುಂಬುವ ಹುಡುಗರನ್ನು ಆಯಾ ಜಿಲ್ಲೆಯಲ್ಲಿ ಪಟ್ಟಿ ಮಾಡುತ್ತಿದ್ದರು. ಹುಟ್ಟಿದ ವರ್ಷಕ್ಕೆ 20 ಕೂಡಿಸಿದರೆ ಅವನ ‘ಕ್ಲಾಸ್’. 1894ರಲ್ಲಿ ಹುಟ್ಟಿದವನು 1914ರ ಕ್ಲಾಸ್. ಈ ರಿಜಿಸ್ಟರುಗಳು ಜಿಲ್ಲಾ ದಾಖಲೆ ಕಚೇರಿಗಳಲ್ಲಿವೆ, ಬಹಳಷ್ಟು ಆನ್‌ಲೈನಿನಲ್ಲೂ ಇವೆ. ‘ಗ್ರಾನ್ ಮೆಮೊರಿಯಾಲ್’ ಎಂಬ ಪೋರ್ಟಲ್‌ನಲ್ಲಿ ಅನೇಕ ಜಿಲ್ಲೆಗಳದ್ದನ್ನು ಒಟ್ಟಿಗೆ ಹುಡುಕಬಹುದು. ಕೂದಲ ಬಣ್ಣ, ಕಣ್ಣು, ಎತ್ತರ, ಕಸುಬು, ಓದುಬರಹ ಎಷ್ಟು, ಗಾಯ, ಪದಕ, ಶಿಕ್ಷೆ ಎಲ್ಲ ಅಲ್ಲಿ ಬರೆದಿರುತ್ತದೆ. ಫೋಟೋ ಇಲ್ಲದ ಮನೆಗೆ ಅದೇ ಫೋಟೋ.

ಆ ಪುಟದಲ್ಲಿ ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ. ‘ಇಂಥವರ ಮತ್ತು ಇಂಥವಳ ಮಗ’ ಎಂದಿರುತ್ತದೆ, ತಾಯಿಗೆ ಅವಳ ತವರಿನ ಹೆಸರೇ ಇರುತ್ತದೆ. ನಮ್ಮ ಎಷ್ಟು ಮನೆಗಳ ವಂಶವೃಕ್ಷದಲ್ಲಿ ಸೊಸೆಯಂದಿರ ಹೆಸರಿದೆ, ನೀವೇ ಹೇಳಿ.

ಅಧಿಕಾರಿಗಳ ಕಡತಗಳು ಪ್ಯಾರಿಸ್ ಪಕ್ಕದ ವಾಂಸೆನ್ ಕೋಟೆಯಲ್ಲಿರುವ ಸೇನಾ ಇತಿಹಾಸ ಇಲಾಖೆಯಲ್ಲಿವೆ. ರೆಜಿಮೆಂಟುಗಳ ದಿನಚರಿಗಳನ್ನು ಮನೆಯಲ್ಲೇ ಕುಳಿತು ‘ಮೆಮ್ವಾರ್ ದೆ ಜೋಮ್’ನಲ್ಲಿ ಓದಬಹುದು. ಸೆರೆಸಿಕ್ಕವರಾದರೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ 2014ರಲ್ಲಿ ಆನ್‌ಲೈನಿಗೆ ಹಾಕಿದ ಯುದ್ಧಕೈದಿಗಳ ಕಾರ್ಡುಗಳನ್ನು ನೋಡಬೇಕು.

ಈಗ ಬೆಲ್ಜಿಯಂ. ನಮ್ಮ ಪ್ರಾಜೆಕ್ಟಿನಲ್ಲಿ ಬ್ರಸೆಲ್ಸ್‌ನ ಸಹೋದ್ಯೋಗಿಯೊಬ್ಬರಿದ್ದಾರೆ. ಪಾಟಿಯ ಕತೆ ಹೇಳಿದಾಗ ಅವರೂ ತಮ್ಮ ಹಿರಿಯರನ್ನು ಹುಡುಕುತ್ತಿರುವುದಾಗಿ ಹೇಳಿದರು. ಅವರಿಂದ ಕಲಿತದ್ದು ಮೂರು.

ಒಂದು, ಗಡಿ ಬದಲಾದರೂ ಕಡತ ಬದಲಾಗುವುದಿಲ್ಲ. 1795ರಿಂದ 1814ರವರೆಗೆ ಆ ನಾಡು ಫ್ರಾನ್ಸಿನ ಕೈಯಲ್ಲಿತ್ತು. ನೆಪೋಲಿಯನ್ ಸೇನೆಗೆ ಹೋದ ಅಲ್ಲಿನ ಹುಡುಗರನ್ನು ಇಂದಿಗೂ ವಾಂಸೆನ್‌ನ ರಿಜಿಸ್ಟರುಗಳಲ್ಲೇ ಹುಡುಕಬೇಕು.

ಎರಡು, ಪ್ರತಿ ಹೆಸರೂ ಎರಡು. ಈಪ್ರ್ ಮತ್ತು ಈಪರ್ ಒಂದೇ ಊರು, ಮೋನ್ಸ್ ಮತ್ತು ಬೆರ್ಗೆನ್ ಒಂದೇ ಊರು. ಮನೆಯಲ್ಲಿ ಯಾನ್ ಎಂದು ಕರೆದ ಹುಡುಗ ಸೇನೆಯ ಕಾಗದದಲ್ಲಿ ಜಾಂ ಆಗಿರುತ್ತಾನೆ. ಫ್ರೆಂಚ್, ಡಚ್ ಎರಡರಲ್ಲೂ ಹುಡುಕಬೇಕು.

ಮೂರು, ಅಲ್ಲಿ 1909ರವರೆಗೆ ಚೀಟಿ ಎತ್ತಿ ಸೈನಿಕರನ್ನು ಆರಿಸುತ್ತಿದ್ದರು. ಚೀಟಿ ಬಿದ್ದ ಶ್ರೀಮಂತರ ಮಗ ಹಣ ಕೊಟ್ಟು ತನ್ನ ಬದಲು ಬಡವರ ಮಗನನ್ನು ಕಳಿಸಬಹುದಿತ್ತು. ಅದಕ್ಕೆ ನೋಟರಿ ಮುಂದೆ ಕರಾರುಪತ್ರ. ನನ್ನ ಸಹೋದ್ಯೋಗಿಗೆ ಸಿಕ್ಕಿದ್ದು ಅಂಥದ್ದೇ ಒಂದು. ಅವರ ಹಿರಿಯನೊಬ್ಬ ಬೇರೆಯವರ ಬದಲಿಗೆ ಸೇನೆ ಸೇರಿದ್ದ. "ಆ ದುಡ್ಡಿನಲ್ಲೇ ಉಳಿದ ಮಕ್ಕಳು ಉಂಡಿರಬೇಕು" ಎಂದು ಹೇಳಿ ಅವರು ಸುಮ್ಮನಾದರು.

ಬೆಲ್ಜಿಯಂಗಾಗಿ ಮಡಿದವರಿಗೆ ‘ಬೆಲ್ಜಿಯನ್ ವಾರ್ ಡೆಡ್ ರಿಜಿಸ್ಟರ್’ ಇದೆ. ಈಪ್ರ್‌ನ ‘ಇನ್ ಫ್ಲಾಂಡರ್ಸ್ ಫೀಲ್ಡ್ಸ್’ ಮ್ಯೂಸಿಯಂ ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ನೆಲದಲ್ಲಿ ಸತ್ತ ಎಲ್ಲ ದೇಶದವರ ಹೆಸರುಪಟ್ಟಿ ಮಾಡುತ್ತಿದೆ. ಸೈನಿಕರ ಜತೆ ಸಾಮಾನ್ಯ ಜನರೂ ಅದರಲ್ಲಿದ್ದಾರೆ, ನಮ್ಮ ದೇಶದವರೂ ಇದ್ದಾರೆ.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ನಿಮ್ಮ ಮುತ್ತಜ್ಜ ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿ ಫ್ರಾನ್ಸಿಗೆ ಹೋಗಿ ತೀರಿಕೊಂಡಿದ್ದರೆ ಫ್ರೆಂಚ್ ದಾಖಲೆಯಲ್ಲಿ ಹುಡುಕಬೇಡಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ತಾಣ ನೋಡಿ. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕವೊಂದರಲ್ಲೇ ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಹೋರಾಡಿದ ಹೈಫಾ ಆಗ ಪ್ಯಾಲೆಸ್ಟೈನಿನಲ್ಲಿತ್ತು, ಅದು ಬೇರೆಯೇ ರಣರಂಗ.

ಮತ್ತೆ ಪಾಟಿಯ ಕತೆಗೆ ಬರುತ್ತೇನೆ. ಆ ಹದಿಮೂರು ಲಕ್ಷದಲ್ಲಿ ಅವರ ಅಜ್ಜ ಸಿಗಲಿಲ್ಲ. ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಹೇಳುವುದಾದರೆ ಡೇಟಾ ಇತ್ತು, ನನ್ನ ಕ್ವೆರಿ ತಪ್ಪಿತ್ತು. ಫ್ರೆಂಚರು ನಮ್ಮ ಹೆಸರುಗಳನ್ನು ಅವರ ಕಿವಿಗೆ ಕೇಳಿದಂತೆ ಬರೆದರು. ನಾವು ‘ಯು’ ಹಾಕುವಲ್ಲಿ ಅವರು ‘ಓ, ಯು’ ಎರಡನ್ನೂ ಹಾಕುತ್ತಾರೆ. ತಂದೆಯ ಹೆಸರು ಎಲ್ಲಿ, ತನ್ನ ಹೆಸರು ಎಲ್ಲಿ ಎಂಬುದೂ ಅದಲುಬದಲು. ಇಷ್ಟೆಲ್ಲ ತಿದ್ದಿ ನೋಡಿದರೂ ಇಲ್ಲ.

ಕೊನೆಗೆ ಪಾಟಿಯ ಟ್ರಂಕಿನಲ್ಲಿ ಸೀರೆಗಳ ಅಡಿಯಿಂದ ಅವರ ತಾಯಿಯ ಜನನಪತ್ರ ಹೊರಬಂತು. ಫ್ರೆಂಚ್‌ನಲ್ಲಿತ್ತು, ಅದುವರೆಗೆ ಯಾರೂ ಓದಿರಲಿಲ್ಲ. ಅದರಲ್ಲಿ ತಂದೆಯ ಹೆಸರಿನ ಮುಂದೆ ಯಾರೂ ಕೇಳದ ಒಂದು ಫ್ರೆಂಚ್ ಮನೆತನದ ಹೆಸರಿತ್ತು! ಪುದುಚೇರಿಯ ಚರಿತ್ರೆ ಓದಿದಾಗ ಕಾರಣ ತಿಳಿಯಿತು. 1881ರ ಆದೇಶದಂತೆ ಅಲ್ಲಿನ ಕೆಲವರು ತಮ್ಮ ಜಾತಿ-ಸಂಪ್ರದಾಯದ ಕಾನೂನು ಬಿಟ್ಟು ಫ್ರೆಂಚ್ ಕಾನೂನಿಗೆ ಸೇರಿದರು, ಜತೆಗೆ ಹೊಸ ಮನೆತನದ ಹೆಸರನ್ನೂ ಇಟ್ಟುಕೊಂಡರು. ಅವರನ್ನು ‘ರೆನೋನ್ಸಾಂ’, ಎಂದರೆ ಬಿಟ್ಟುಕೊಟ್ಟವರು, ಎನ್ನುತ್ತಾರೆ. ಮನೆಯೊಳಗೆ ಹಳೆಯ ಹೆಸರು, ಸರ್ಕಾರದಲ್ಲಿ ಹೊಸ ಹೆಸರು.

ಆ ಹೆಸರು ಹಾಕಿದ ರಾತ್ರಿಯೇ ಕಾರ್ಡು ಸಿಕ್ಕಿತು. ಹುಟ್ಟಿದ್ದು ಪುದುಚೇರಿ. ಸತ್ತದ್ದು 1918ರ ಅಕ್ಟೋಬರ್, ದಕ್ಷಿಣ ಫ್ರಾನ್ಸಿನ ಫ್ರೆಜುಸ್‌ನ ಆಸ್ಪತ್ರೆಯಲ್ಲಿ, ಸೇವೆಯಲ್ಲಿದ್ದಾಗ ತಗುಲಿದ ಕಾಯಿಲೆಯಿಂದ. ಕಾರ್ಡಿನ ಕೊನೆಯ ಸಾಲು ಹಿಡಿದು ಮರಣ ದಾಖಲೆಯ ಪ್ರತಿಗೆ ಬರೆದೆವು. ಕೆಲವು ತಿಂಗಳ ಮೇಲೆ ಬಂತು. ನಾನು ಓದಿ ಹೇಳಿದೆ: ಇಂಥವರ ಮಗ, ಇಂಥವಳ ಪತಿ. ಅಲ್ಲಿದ್ದದ್ದು ಪಾಟಿಯ ಅಜ್ಜಿಯ ಹೆಸರು. ಬೇರೆ ಯಾರ ಹೆಸರೂ ಇರಲಿಲ್ಲ.

ಅಂದು ಸಾವಿನ ಸುದ್ದಿ ಮನೆಗೆ ಬಂದಿತ್ತೋ, ಬಂದಿದ್ದರೆ ಯಾರ ಕೈಗೆ ಸಿಕ್ಕಿತೋ, ದಾಖಲೆ ಹೇಳುವುದಿಲ್ಲ. ಪಾಟಿ ಆ ಹಾಳೆಯನ್ನು ಕೈಯಲ್ಲಿ ಹಿಡಿದು, "ಅಜ್ಜಿ ಇದನ್ನು ನೋಡಬೇಕಿತ್ತು" ಎಂದರು, ಅಷ್ಟೇ. ಮರುದಿನ ಬೆಳಗ್ಗೆ ಅಜ್ಜಿಯ ಹಳೆಯ ಫೋಟೋಗೆ ಮಲ್ಲಿಗೆ ಹಾರ ಹಾಕಿದ್ದರು. ಅಣ್ಣತಮ್ಮಂದಿರಿಗೆಲ್ಲ ತಾವೇ ಫೋನ್ ಮಾಡಿ ವಿಷಯ ತಿಳಿಸಿದರು.

ಅಕ್ಕಂದಿರೇ, ಹುಡುಕಾಟ ಶುರುವಾಗುವುದು ಇಂಟರ್‌ನೆಟ್ಟಿನಲ್ಲಲ್ಲ. ಮನೆಯ ಟ್ರಂಕಿನಲ್ಲಿ ಮತ್ತು ಹಿರಿಯರ ಬಾಯಲ್ಲಿ. ಓದಲು ಬಾರದ ಭಾಷೆಯ ಕಾಗದವನ್ನು ರದ್ದಿಗೆ ಹಾಕಬೇಡಿ. ಫೋನಿನಲ್ಲಿ ಫೋಟೋ ತೆಗೆದಿಡಿ, ಹಿಂಬದಿಯನ್ನೂ ತೆಗೆಯಿರಿ. ಹೆಸರುಗಳನ್ನು ಕೇಳಿದ ಹಾಗೆಯೇ ಬರೆದಿಡಿ. ಅಜ್ಜಂದಿರ ಜತೆಗೆ ಅಜ್ಜಿಯಂದಿರ ತವರಿನ ಹೆಸರನ್ನೂ ಮರೆಯದೆ ಕೇಳಿಕೊಳ್ಳಿ. ಯಾರಿಗಾದರೂ ಹುಡುಕಲು ಸಹಾಯ ಬೇಕಿದ್ದರೆ ಭಾನುವಾರ ಮಧ್ಯಾಹ್ನ ನಾನು ಬಿಡುವಾಗಿರುತ್ತೇನೆ.