ಈ ಸೈಕಲ್ಲು ಯಾರದು?



ಹಾಲು ಮಾರುವವನ ಸೈಕಲ್ಲು ಕಳುವಾದರೆ ಅವನ ಕಾಯಕವೇ ನಿಂತಿತು. ಅದು ಠಾಣೆಯಲ್ಲಿ ಸಿಕ್ಕಿತೆನ್ನಿ. "ನನ್ನದು" ಎಂದರೆ ಸಾಲದು. ವ್ಯಾಜ್ಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಯಾಜ್ಞವಲ್ಕ್ಯರು ಹೇಳಿದ್ದಾರೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದವರು ನಮ್ಮ ಕಲ್ಯಾಣದ ವಿಜ್ಞಾನೇಶ್ವರರು. ಭುಕ್ತಿಯೆಂದರೆ ಅನುಭವ. ಆದರೆ ಕಳ್ಳನೂ ನಾಲ್ಕು ದಿನ ಸೈಕಲ್ಲು ತುಳಿದಿರುತ್ತಾನಲ್ಲ! ಆದುದರಿಂದ ಲಿಖಿತವೇ ಬೇಕು. ಪೆಡಲು ಸೇರುವ ಕಡೆ, ಚೌಕಟ್ಟಿನ ಅಡಿಯಲ್ಲಿ, ಹೆಚ್ಚಾಗಿ ಒಂದು ಸಂಖ್ಯೆ ಒತ್ತಿರುತ್ತದೆ. ಇಂದೇ ಮನೆಗೆ ಹೋಗಿ, ಸೈಕಲ್ಲನ್ನು ಮಗುಚಿ ಅದನ್ನು ಬರೆದುಕೊಳ್ಳಿ. ಅಂಗಡಿಯ ರಸೀದಿಯೊಡನೆ ಜೋಪಾನವಾಗಿಡಿ. ಕಳುವಾದರೆ ದೂರಿನಲ್ಲಿ ಆ ಸಂಖ್ಯೆಯನ್ನು ಬರೆಸಿರಿ. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಎಫ್.ಐ.ಆರ್. ಪ್ರತಿಯನ್ನು ದೂರುದಾರನಿಗೆ ಪುಕ್ಕಟೆಯಾಗಿ ಕೊಡಬೇಕು. ವಾರಸುದಾರರು ಗೊತ್ತಾಗದ ಮಾಲಿಗೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಬಹುದು. 6 ತಿಂಗಳೊಳಗೆ ಯಾರೂ ಹಕ್ಕು ಸ್ಥಾಪಿಸದಿದ್ದರೆ ಅದನ್ನು ಸರಕಾರ ಮಾರಿಬಿಡಬಹುದು.