ಅಂಕಿಗಳನ್ನು ಓದಬಲ್ಲ ಮಕ್ಕಳು



ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ನಮ್ಮ ಮಕ್ಕಳು ಪದವಿಗೆ ಸೇರುವಾಗ ಬಿ.ಕಾಂ. ಆರಿಸಿಕೊಳ್ಳುವುದು ಸಹಜ. ವ್ಯಾಪಾರದ ಮಾತು ಕೇಳುತ್ತಲೇ ಬೆಳೆದವರು ಅವರು. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಒಳಪಟ್ಟಿದ್ದ ಈ ಭಾಗದ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ವಿಶ್ವವಿದ್ಯಾಲಯ ಬದಲಾಯಿತು, ವ್ಯವಹಾರ ಸಂಖ್ಯಾಶಾಸ್ತ್ರವೆಂದರೆ ಅಂಜುವುದು ಮಾತ್ರ ಬದಲಾಗಲಿಲ್ಲ. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಬಿಟ್ಟು ಇತಿಹಾಸ ತೆಗೆದುಕೊಂಡವರಿಗೆ ಇದು ಹೊಸ ವಿಷಯ. ಉರ್ದು ಮಾಧ್ಯಮದಿಂದ ಬಂದವರಿಗೆ ಪರಿಭಾಷೆಯ ತೊಡಕು ಬೇರೆ. ಈ ಒಂದು ವಿಷಯ ಬಾಕಿ ಉಳಿಯಿತೆಂದು ಪದವಿಯನ್ನೇ ಕೈಬಿಟ್ಟು ಗಲ್ಲೆಯ ಮೇಲೆ ಕುಳಿತ ಯುವಕರನ್ನು ನಾವೆಲ್ಲ ಬಲ್ಲೆವು. ಹುಡುಗಿಯಾದರೆ ಅವಳನ್ನು ಮತ್ತೊಮ್ಮೆ ಪರೀಕ್ಷೆಗೆ ಕೂರಿಸುವ ಮನೆಗಳು ಇನ್ನೂ ಕಡಿಮೆ.

ಅಂಜಿಕೆಗೆ ಕಾರಣ ಸರಳ. ಸೂತ್ರವನ್ನು ಬಾಯಿಪಾಠ ಮಾಡಿಸುತ್ತೇವೆ, ಅದು ಯಾವ ಪ್ರಶ್ನೆಗೆ ಉತ್ತರವೆಂದು ಹೇಳಿಕೊಡುವುದಿಲ್ಲ. ಉರ್ದುವಿನ ಔಸತ್, ಕನ್ನಡದ ಸರಾಸರಿ, ಇಂಗ್ಲಿಷಿನ ಮೀನ್ ಮೂರೂ ಒಂದೇ ಎಂದು ಮೊದಲ ದಿನ ಹೇಳಿದರೆ ಅರ್ಧ ಭಯ ಕಳೆದೀತು. (ಅಂದಹಾಗೆ, ಸರಾಸರಿ ಎಂಬ ಪದದ ಬೇರೂ ಫಾರಸಿಯದೇ.)

ರಾಮದುರ್ಗದ ಒಂದು ನೇಯ್ಗೆ ಕಾರ್ಖಾನೆಯಲ್ಲಿ ಒಂಬತ್ತು ನೇಕಾರರು ದಿನಕ್ಕೆ 400 ರೂಪಾಯಿ, ಮಾಲೀಕರು 6,400 ರೂಪಾಯಿ ಗಳಿಸುತ್ತಾರೆಂದು ಇಟ್ಟುಕೊಳ್ಳಿ. ಹತ್ತು ಜನರ ಸರಾಸರಿ ಗಳಿಕೆ 1,000 ರೂಪಾಯಿ. ಆದರೆ ಅಲ್ಲಿ ಸಾವಿರ ರೂಪಾಯಿ ಗಳಿಸುವವರು ಒಬ್ಬರೂ ಇಲ್ಲ! ಗಳಿಕೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ತೆಗೆದರೆ 400 ಸಿಗುತ್ತದೆ. ಇದೇ ಮಧ್ಯಾಂಕ. ಎರಡನ್ನೂ ಹತ್ತನೇ ತರಗತಿಯಲ್ಲೇ ಕಲಿತಿರುತ್ತೇವೆ. ಯಾವುದನ್ನು ಎಲ್ಲಿ ಬಳಸಬೇಕೆಂಬುದು ಪದವಿಯಲ್ಲಿ ಕಲಿಯಬೇಕಾದ ವಿವೇಕ.

ಬೈಲಹೊಂಗಲದ ಹತ್ತಿ ವ್ಯಾಪಾರಿಗೆ ನಮೂನೆಯ ಪಾಠವನ್ನು ಹೇಳಬೇಕಾಗಿಯೇ ಇಲ್ಲ. ಅಂಡಿಗೆಯ ಮೇಲ್ಭಾಗದಿಂದ ಒಂದು ಹಿಡಿ ತೆಗೆದು ದರ ಕಟ್ಟಿದವನು ಮೋಸಹೋಗುತ್ತಾನೆ. ಅಲ್ಲೊಂದು ಇಲ್ಲೊಂದು ಅಂಡಿಗೆಯಲ್ಲಿ, ನಡುವಿಗೂ ತಳಕ್ಕೂ ಕೈ ಹಾಕಿದವನು ಉಳಿಯುತ್ತಾನೆ. ಪುಸ್ತಕ ಇದನ್ನೇ ಯಾದೃಚ್ಛಿಕ ನಮೂನೆ ಎನ್ನುತ್ತದೆ. ಸವದತ್ತಿಯ ಅಂಗಡಿಕಾರರಿಗೆ ಯಲ್ಲಮ್ಮನ ಗುಡ್ಡದ ಜಾತ್ರೆ ಗೊತ್ತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಮಾರಾಟವನ್ನೇ ವರ್ಷದ ಲೆಕ್ಕವೆಂದು ನಂಬಿ ಸಾಲ ಮಾಡಿ ಸರಕು ತುಂಬಿಸಿದರೆ ಮಳೆಗಾಲದಲ್ಲಿ ಬಡ್ಡಿ ಕಟ್ಟಬೇಕಾಗುತ್ತದೆ. ಋತುಮಾನದ ಏರಿಳಿತವನ್ನು ಬೇರ್ಪಡಿಸಿ ವ್ಯಾಪಾರದ ನಿಜವಾದ ಗತಿಯನ್ನು ನೋಡುವ ವಿಧಾನವೇ ಕಾಲಶ್ರೇಣಿ.

ಅಂಗಡಿಯಾಚೆಗೂ ಈ ವಿದ್ಯೆಯ ಅಗತ್ಯವಿದೆ. 2005ರಲ್ಲಿ ನೇಮಕವಾಗಿ 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯನ್ನು ನಮ್ಮ ವೇದಿಕೆಗಳಲ್ಲಿ ಹೆಸರಿಸದ ಭಾಷಣಕಾರರಿಲ್ಲ. ಅದರ ಕೋಷ್ಟಕಗಳನ್ನು ಓದಿದವರು ಎಷ್ಟು ಮಂದಿ? 2001ರ ಜನಗಣತಿಯ ಪ್ರಕಾರ ದೇಶದಲ್ಲಿ ಮುಸ್ಲಿಮರ ಸಾಕ್ಷರತೆ ಶೇ. 59.1 ಮಾತ್ರ, ರಾಷ್ಟ್ರೀಯ ಸರಾಸರಿಗಿಂತ ಕಡಿಮೆ. ಕರ್ನಾಟಕದಲ್ಲಾದರೋ ಮುಸ್ಲಿಮರದು ಶೇ. 70.1, ರಾಜ್ಯದ್ದು ಶೇ. 66.6. ಹಾಗಾದರೆ ನಾವು ಮುಂದಿದ್ದೆವೇ? ಕೆಲವರು ಹಾಗೆಂದು ವಾದಿಸಿ ನಮಗೆ ಸೌಲಭ್ಯ ಬೇಕಿಲ್ಲವೆಂದರು. ಉತ್ತರಿಸಬೇಕಾದ ನಾವು ಕೂಗಾಡಿದೆವು.

ಉತ್ತರ ಮೊದಲ ವರ್ಷದ ಪಠ್ಯದಲ್ಲೇ ಇತ್ತು. ಅಂಕಿಗಳನ್ನು ವರ್ಗೀಕರಿಸದೆ ಹೋಲಿಸಬಾರದು. ಕರ್ನಾಟಕದ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಪಟ್ಟಣವಾಸಿಗಳು; ರಾಜ್ಯದ ಒಟ್ಟು ಜನರಲ್ಲಿ ಪಟ್ಟಣವಾಸಿಗಳು ಆಗ ಸುಮಾರು ಮೂರನೇ ಒಂದು ಭಾಗ. ಶಾಲೆ ಹತ್ತಿರವಿರುವ ಪಟ್ಟಣದಲ್ಲಿ ಸಾಕ್ಷರತೆ ಎಲ್ಲರಲ್ಲೂ ಹೆಚ್ಚು. 2001ರಲ್ಲಿ ರಾಜ್ಯದ ನಗರ ಪ್ರದೇಶಗಳ ಸಾಕ್ಷರತೆ ಶೇ. 80ನ್ನು ದಾಟಿತ್ತು. ಪಟ್ಟಣದವರನ್ನು ಪಟ್ಟಣದವರೊಂದಿಗೆ ಇಟ್ಟು ನೋಡಿದಾಗ ನಾವು ಹಿಂದೆ ಬಿದ್ದಿರುವುದು ಕಾಣಿಸುತ್ತದೆ. ಒಂದೇ ಗಣತಿಯಿಂದ ಎರಡು ವಿರುದ್ಧ ಮಾತು ಹೊರಡಿಸಬಹುದು. ಯಾವುದು ಸರಿಯೆಂದು ತಿಳಿಯಲು ನಮ್ಮವರಲ್ಲಿ ಕೋಷ್ಟಕ ಓದಬಲ್ಲವರಿರಬೇಕು. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್‌ಕಿಂದಿ ಅಕ್ಷರಗಳ ಆವರ್ತನವನ್ನೆಣಿಸಿ ಗುಪ್ತಲಿಪಿ ಬಿಡಿಸುವ ವಿಧಾನ ಬರೆದಿಟ್ಟನೆಂದು ಹೆಮ್ಮೆಪಡುವುದು ಒಳ್ಳೆಯದೇ. ಆ ಹೆಮ್ಮೆಗೆ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ.

ಹೆತ್ತವರಲ್ಲಿ ನಮ್ಮ ಕೋರಿಕೆ ಎರಡೇ. ಎಸ್ಸೆಸ್ಸೆಲ್ಸಿ ಮುಗಿಸಿ ವಾಣಿಜ್ಯಕ್ಕೆ ಸೇರುವ ಮಗನಿಗೂ ಮಗಳಿಗೂ, ಕಾಲೇಜಿನಲ್ಲಿ ಲಭ್ಯವಿದ್ದರೆ, ಸಂಖ್ಯಾಶಾಸ್ತ್ರವಿರುವ ವಿಷಯಗಳನ್ನೇ ಕೊಡಿಸಿರಿ. ಪದವಿಯಲ್ಲಿ ಓದುತ್ತಿರುವವರ ಕೈಗೆ ಅಂಗಡಿಯ ಮೂರು ವರ್ಷಗಳ ರೋಜಕೀರ್ದಿ ಪುಸ್ತಕವನ್ನು ಕೊಡಿರಿ. ತಿಂಗಳುವಾರು ಮಾರಾಟವನ್ನು ಬರೆದು ಚಲಿಸುವ ಸರಾಸರಿ ತೆಗೆಯಲಿ. ಲೆಕ್ಕ ಹೊರಗೆ ಹೋಗುತ್ತದೆಂಬ ಅಳುಕಿದ್ದರೆ ಅಂಗಡಿಯ ಹೆಸರು ಬರೆಯುವುದು ಬೇಡ.

ಉಪನ್ಯಾಸಕರು ಕರಿಹಲಗೆಯ ಬಳಿ ಕಾಯುತ್ತಿದ್ದಾರೆ. ಮೊದಲ ಲೆಕ್ಕ ನೇಕಾರರ ಕೂಲಿಯದು. ವಹಿ ತಂದಿರುವವರು ಮುಂದಿನ ಸಾಲಿಗೆ ಬನ್ನಿರಿ.